ಅದಿರು ವ್ಯಾಗನ್‌ಗೆ ತುಕ್ಕು ಹಚ್ಚಲು ಹೋದರೆ ಚಾಕೊಲೇಟ್ ಆಯಿತು

ಪ್ರಶ್ನೆ: ಸರ್, ನನ್ನ ಬಳಿ 1:87 ಅಳತೆಯ, ಅಂದರೆ ನಿಜದ್ದರ 87ನೇ ಒಂದು ಪಾಲಿನ, ಐದು ಮಾದರಿ ರೈಲು ವ್ಯಾಗನ್‌ಗಳಿವೆ; ಎಲ್ಲವೂ ಬಾಕ್ಸ್‌ಎನ್, ಅಂದರೆ ಮೇಲೆ ತೆರೆದ ಸರಕು ಗಾಡಿ. ಹೊಸಪೇಟೆ ಕಡೆಯ ಅದಿರು ಗಾಡಿಯಂತೆ ಕಾಣಲಿ ಎಂದು ಒಂದಕ್ಕೆ ಕಂದು ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿ ಮೈತುಂಬ ಬಳಿದೆ. ಮೇಲೆ ಚಾಕ್ ಪಾಸ್ಟೆಲ್ (ಚಿತ್ರ ಬರೆಯುವ ಬಣ್ಣದ ಸೀಮೆಸುಣ್ಣ) ಪುಡಿ ಉಜ್ಜಿ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆದೆ. ಪುಡಿ ಮಾಯವಾಯಿತು, ವ್ಯಾಗನ್ ಚಾಕೊಲೇಟಿನಲ್ಲಿ ಅದ್ದಿ ತೆಗೆದಂತಿದೆ. ಉಳಿದ ನಾಲ್ಕನ್ನು ಮುಟ್ಟಲು ಧೈರ್ಯ ಸಾಲುತ್ತಿಲ್ಲ.

ಉತ್ತರ: ಪುಡಿ ಮಾಯವಾಗುವುದು ಎಲ್ಲರಿಗೂ ಆಗುವಂಥದ್ದೇ. ವಾರ್ನಿಷ್ ತಾಗಿ ಒದ್ದೆಯಾದರೆ ಅದರ ಬಣ್ಣ ಅಡಗಿಹೋಗುತ್ತದೆ. ಮೊದಲು ವಾರ್ನಿಷ್ ಹೊಡೆಯಿರಿ. ಅದು ಒಣಗಿ ಮೈ ತರಿತರಿಯಾದ ಮೇಲೆ ಪುಡಿ ಹಚ್ಚಿದರೆ ಹಿಡಿದುಕೊಳ್ಳುತ್ತದೆ. ಪದೇ ಪದೇ ಕೈಯಲ್ಲಿ ಹಿಡಿಯದ ವ್ಯಾಗನ್ ಆದರೆ ಅಲ್ಲಿಗೇ ಬಿಡಿ. ಮಳೆ ಹಿಡಿದ ದಿನ ವಾರ್ನಿಷ್ ಡಬ್ಬಿ ಮುಟ್ಟಬೇಡಿ, ಗಾಳಿಯ ತೇವಕ್ಕೆ ಮೈಯೆಲ್ಲ ಬೆಳ್ಳಗೆ ಮಂಕು ಹಿಡಿಯುತ್ತದೆ.

ಚಾಕೊಲೇಟಿನ ಕಾರಣ ಬೇರೆ. ಬಾಕ್ಸ್‌ಎನ್‌ನ ಮೂಲ ಬಣ್ಣವೇ ಕೆಂಗಂದು. ಅದರ ಮೇಲೆ ಮತ್ತೆ ಕಂದು ಬಳಿದರೆ ಕಾಣುವುದಾದರೂ ಏನು? ಅದೇ ಬಣ್ಣಕ್ಕೆ ತುಸು ಬಿಳಿ, ತುಸು ಬೂದು ಬೆರೆಸಿ ತೆಳುವಾಗಿ ಹರಡಿ, ಬಿಸಿಲಿಗೆ ಮಾಸಿದಂತೆ ಮಾಡಿಕೊಳ್ಳಿ. ಆಮೇಲೆ ತುಕ್ಕು. ಅದು ಎಲ್ಲೆಂದರಲ್ಲಿ ಏಳುವುದಿಲ್ಲ. ಬಣ್ಣ ಕಿತ್ತ ಅಂಚು, ಬಾಗಿಲ ಕೀಲು, ಬೆಸುಗೆಯ ಗೆರೆ ನೋಡಿಕೊಂಡು ಸ್ಪಂಜಿನ ತುಣುಕಿನಿಂದ ಚುಕ್ಕೆ ಇಡಿ. 1 ಮಿಲಿಮೀಟರ್ ಚುಕ್ಕೆ ಎಂದರೆ ನಿಜದ ವ್ಯಾಗನ್ ಮೇಲೆ ಸುಮಾರು 9 ಸೆಂಟಿಮೀಟರ್, ಹೆಚ್ಚುಕಡಿಮೆ ಅಂಗೈಯಗಲ. ಆದ್ದರಿಂದ ಕೈ ಬಿಗಿ ಇರಲಿ. ಚುಕ್ಕೆಯಿಂದ ಕೆಳಕ್ಕೆ, ಮಳೆನೀರು ಇಳಿದಂತೆ, ಒದ್ದೆ ಕುಂಚದಿಂದ ಒಂದೇ ಎಳೆತ.

ಅದಿರಿನ ಧೂಳು ಮಾತ್ರ ಪುಡಿಯ ಕೆಲಸ. ತುಂಬುವಾಗ ಚೆಲ್ಲಿದ್ದು ಮೇಲಂಚಿನ ಮೇಲೂ ಪಕ್ಕದ ಕಂಬಗಳ ಬುಡದಲ್ಲೂ ಕೂರುತ್ತದೆ. ವ್ಯಾಗನ್ ಒಳಗನ್ನು ಜನ ಮರೆಯುತ್ತಾರೆ, ನನಗೆ ಅದೇ ಇಷ್ಟದ ಜಾಗ: ಕಲ್ಲುಗಳ ಉಜ್ಜಾಟಕ್ಕೆ ಅಲ್ಲಿ ಬಣ್ಣ ಉಳಿದಿರುವುದಿಲ್ಲ, ತುಕ್ಕಿನ ನಡುವೆ ಬರಿಯ ಉಕ್ಕು ಇಣುಕುತ್ತದೆ. ಮೆತ್ತನೆಯ ಪೆನ್ಸಿಲಿನ ಸೀಸವನ್ನು ಬೆರಳಲ್ಲಿ ಉಜ್ಜಿದರೆ ಆ ಹೊಳಪು ಬರುತ್ತದೆ. ದುರಸ್ತಿಯ ತಾರೀಕು ಬರೆದ ಚೌಕವನ್ನು ಸ್ವಲ್ಪ ಹೊಸದಾಗಿಯೇ ಬಿಡಿ.

ಮರುಪ್ರಶ್ನೆ: ತೋರಣಗಲ್ಲಿನ ರಸ್ತೆ ಬದಿಯಿಂದ ಒಂದು ಪೊಟ್ಟಣ ಕೆಂಪು ಧೂಳು ತಂದಿದ್ದೇನೆ. ಅದನ್ನೇ ಬಳಸಬಹುದೇ? ಕೆಟ್ಟ ವ್ಯಾಗನ್ನಿನ ಬಣ್ಣ ತೆಗೆಯುವುದು ಹೇಗೆ?

ಉತ್ತರ: ಬಣ್ಣ ಅದೇ, ಒಪ್ಪಿದೆ. ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತ ಆಡಿಸಿ. ಕಣಗಳು ಮಿಸುಕಿದರೆ ಆ ಧೂಳನ್ನು ಎಂಜಿನ್ ಓಡುವ ಹಳಿಯ ಹತ್ತಿರವೂ ತರಬೇಡಿ. ಮೋಟಾರಿನೊಳಗೂ ಅಯಸ್ಕಾಂತವಿದೆ, ಅದು ಎಳೆದುಕೊಳ್ಳುತ್ತದೆ. ರಂಗೋಲಿಗೆ ಬಳಸುವ ಕೆಮ್ಮಣ್ಣನ್ನೂ ಹೀಗೆಯೇ ಸೋಸಿ, ಪರೀಕ್ಷಿಸಿ ಬಳಸಬಹುದು.

ಬಣ್ಣ ಬಿಡಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಆದರೆ ಕಾರ್ಖಾನೆಯ ಬಣ್ಣ, ಅಕ್ಷರಗಳೂ ಜೊತೆಗೆ ಎದ್ದುಬರಬಹುದು, ಮೊದಲು ತಳಭಾಗದಲ್ಲಿ ಹತ್ತಿಕಡ್ಡಿಯಿಂದ ಒರೆಸಿ ನೋಡಿ. ನನ್ನನ್ನು ಕೇಳಿದರೆ ಅದನ್ನು ತೊಳೆಯಲೇಬೇಡಿ. ಮುಂದಿನ ನಾಲ್ಕಕ್ಕೂ ಕೈ ಪಳಗಿಸಲು ಅದೇ ಇರಲಿ.