ಅಪ್‌ಡೇಟ್: ಎರಡನೇ ಡಿಸ್ಕ್‌ನಿಂದಲೂ ಈಗ ಬೂಟ್ ಆಗುತ್ತಿದೆ

ಲಿನಕ್ಸ್‌ನಲ್ಲಿ ಎಂಡಿಎಡಿಎಂ (ರೇಡ್ ನಿರ್ವಹಿಸುವ ಟೂಲ್) ಬಳಸಿ ರೇಡ್ 1 (ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ವ್ಯವಸ್ಥೆ) ಮಾಡಿದ್ದೇನೆ, ಆದರೆ ಮೊದಲ ಡಿಸ್ಕ್ ತೆಗೆದರೆ ಸಿಸ್ಟಂ ಬೂಟೇ ಆಗುತ್ತಿಲ್ಲ ಎಂದು ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಮಿರರ್ ಆಗಿದ್ದದ್ದು, ಅಂದರೆ ಎರಡೂ ಕಡೆ ನಕಲಾಗಿದ್ದದ್ದು, ಪಾರ್ಟಿಷನ್‌ಗಳು (ಡಿಸ್ಕ್‌ನ ವಿಭಾಗಗಳು) ಮಾತ್ರ. ನನ್ನದು ಹಳೆಯ ಬಯೋಸ್ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಬೂಟ್. ಅದರಲ್ಲಿ ಲಿನಕ್ಸ್ ಬೂಟ್ ಮಾಡಿಸುವ ಪ್ರೋಗ್ರಾಂ ಆದ ಗ್ರಬ್‌ನ ಮೊದಲ ತುಣುಕು ಕೂರುವುದು ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳಲ್ಲಿ, ಅಂದರೆ ಪಾರ್ಟಿಷನ್‌ಗಳ ಹೊರಗೆ. ಅದು ತಾನಾಗಿ ನಕಲಾಗುವುದಿಲ್ಲ.

ಎರಡನೇ ಡಿಸ್ಕ್‌ಗೂ ಗ್ರಬ್ ಇನ್‌ಸ್ಟಾಲ್ ಮಾಡಿದೆ. ಪವರ್ ಆಫ್ ಮಾಡಿ, ಮೊದಲನೆಯದರ ಕೇಬಲ್ ಕಳಚಿ ಆನ್ ಮಾಡಿದರೆ ಸರಾಗವಾಗಿ ಬೂಟ್ ಆಯಿತು! ಮತ್ತೆ ಜೋಡಿಸಿದಾಗ ಆ ಡಿಸ್ಕ್ ತಾನಾಗಿ ಸೇರಿಕೊಳ್ಳಲಿಲ್ಲ, ನಾನೇ ಆಡ್ ಮಾಡಬೇಕಾಯಿತು. ಸಿಂಕ್ ಮುಗಿದು, ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಎರಡು 'ಯು' (ಎರಡೂ ಡಿಸ್ಕ್ ಸರಿಯಾಗಿವೆ ಎಂಬ ಗುರುತು) ಕಂಡಾಗಲೇ ಸಮಾಧಾನ.

ಬ್ಯಾಕಪ್ ಬೇರೆಯೇ ಇರಲಿ ಎಂದವರಿಗೆ ವಿಶೇಷ ಧನ್ಯವಾದ. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕ್‌ಗಳಿಂದ ಹೋಗುತ್ತದೆ, ನಿಜ. ಬೇರೆ ಬ್ಯಾಕಪ್ಪನ್ನೂ ಶುರುಮಾಡಿದ್ದೇನೆ.