ಸಹಾಯ ಬೇಕು: ಗನ್ ಡೀಲರ್ ಲೈಸೆನ್ಸ್‌ನಿಂದ ತಯಾರಿಕೆ ಲೈಸೆನ್ಸ್‌ಗೆ (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ಟೆಕ್ಸಾಸ್‌ನಲ್ಲಿ ನನ್ನದೊಂದು ಚಿಕ್ಕ ಗನ್ ಅಂಗಡಿ ಇದೆ. ಈಗಿರುವುದು ಟೈಪ್ 01 ಲೈಸೆನ್ಸ್, ಅಂದರೆ ಮಾರಾಟ ಮತ್ತು ರಿಪೇರಿ. ಬೇಟೆಗೆ ಹೋಗುವ ಗಿರಾಕಿಗಳು ತಮ್ಮ ಅಳತೆಗೆ ರೈಫಲ್ ಕಟ್ಟಿಕೊಡಿ ಅಂತ ಕೇಳುತ್ತಿದ್ದಾರೆ. ಬಿಡಿಭಾಗ ತಂದು ಜೋಡಿಸಿ ಮಾರಿದರೆ ಅದು ತಯಾರಿಕೆ ಆಗುತ್ತದೆ, ಅದಕ್ಕೆ ಟೈಪ್ 07 ಬೇಕು. ಈ ಕೆಲಸ ನನಗೆ ತುಂಬಾ ಇಷ್ಟ, ಕಾನೂನು ಪ್ರಕಾರವೇ ಮಾಡಬೇಕು.

ಎಟಿಎಫ್‌ನ (ಬಂದೂಕು ಲೈಸೆನ್ಸ್ ಕೊಡುವ ಅಮೆರಿಕದ ಕೇಂದ್ರ ಸಂಸ್ಥೆ) ಅರ್ಜಿ ಫಾರ್ಮ್ 7 ತುಂಬಿ ಇಟ್ಟಿದ್ದೇನೆ. ಬೆರಳಚ್ಚು, ಫೋಟೋ ಎಲ್ಲ ರೆಡಿ. ಫೀಸು 3 ವರ್ಷಕ್ಕೆ 150 ಡಾಲರ್, ಅದೇನೂ ಜಾಸ್ತಿ ಅಲ್ಲ. 07 ಇದ್ದರೆ ಮಾರಾಟವನ್ನೂ ಅದರಲ್ಲೇ ಮಾಡಬಹುದು, ಹಾಗಾಗಿ ಎರಡು ಲೈಸೆನ್ಸ್‌ಗೆ ಸುಮ್ನೆ ದುಡ್ಡು ಕಟ್ಟುವುದು ಬೇಡ ಅನ್ನಿಸುತ್ತದೆ.

ಗೊಂದಲ ಇರುವುದು ಲೆಕ್ಕದ ಪುಸ್ತಕದಲ್ಲಿ, ಅಂದರೆ ಯಾವ ಬಂದೂಕು ಬಂತು, ಯಾವುದು ಹೋಯಿತು ಅಂತ ಬರೆದಿಡುವ ಪುಸ್ತಕದಲ್ಲಿ. ವ್ಯಾಪಾರ ಪೂರ್ತಿ ನಿಲ್ಲಿಸಿದವರು 30 ದಿನದೊಳಗೆ ದಾಖಲೆಗಳನ್ನು ಎಟಿಎಫ್‌ಗೆ ಒಪ್ಪಿಸಬೇಕು. ನಾನು ನಿಲ್ಲಿಸುತ್ತಿಲ್ಲ, ಅದೇ ಅಂಗಡಿ, ಅದೇ ಮಾಲೀಕ, ಲೈಸೆನ್ಸ್ ನಂಬರ್ ಮಾತ್ರ ಬೇರೆ. ಒಬ್ಬ ವಕೀಲರು ಒಂದು ಹೇಳಿದರು, ಪರಿಚಯದ ಡೀಲರ್ ಇನ್ನೊಂದು ಹೇಳಿದರು. ಒಂದು ಬಂದೂಕಿನ ಲೆಕ್ಕ ತಪ್ಪಿದರೂ ತಪಾಸಣೆಯಲ್ಲಿ ಕಷ್ಟ ಅಲ್ವಾ?

01ರಿಂದ 07ಕ್ಕೆ ಹೋದವರು ದಯವಿಟ್ಟು ಹೇಳಿ: ಹಳೇ ಸ್ಟಾಕನ್ನು 01ರ ಪುಸ್ತಕದಲ್ಲಿ ಹೊರಗೆ ಹೋಯಿತು ಅಂತ ಬರೆದು 07ರ ಪುಸ್ತಕಕ್ಕೆ ಒಂದೊಂದಾಗಿ ಏರಿಸಿದಿರಾ, ಅಥವಾ ಅದೇ ಪುಸ್ತಕ ಮುಂದುವರಿಸಿದಿರಾ? 01 ಅನ್ನು ಯಾವಾಗ ವಾಪಸ್ ಕೊಟ್ಟಿರಿ?