ಡಿಪ್ರೆಶನ್ ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡ್ತಿದೀನಿ, ಅನುಭವ ಇರೋರು ದಯವಿಟ್ಟು ಹೇಳಿ

ಮೂಡಿಗೆರೆ ಕಡೆಯಿಂದ:

ಎಲ್ರಿಗೂ ನಮಸ್ಕಾರ. ಎರಡು ವರ್ಷದ ಮೇಲಾಯ್ತು ಎಸಿಟಲೋಪ್ರಾಮ್ 10 ತಗೊಳ್ತಾ ಇದೀನಿ. ಈಗ ತುಂಬ ದಿನದಿಂದ ಚೆನ್ನಾಗಿದೀನಿ ಅಂತ ಡಾಕ್ಟ್ರೇ ನಿಧಾನಕ್ಕೆ ಬಿಡಿಸೋಣ ಅಂದ್ರು, 5ಕ್ಕೆ ಇಳಿಸಿದ್ರು. ಇಳಿಸಿದ ವಾರದೊಳಗೇ ಕಣ್ಣು ಹೊರಳಿಸಿದ್ರೆ ತಲೆ ಒಳಗೆ ಕರೆಂಟ್ ಹೊಡ್ದಂಗೆ ಜುಮ್ ಅನ್ನೋಕೆ ಶುರುವಾಯ್ತು, ರಾತ್ರಿ ಏನೇನೋ ಕನಸು, ಸುಮ್ಸುಮ್ನೆ ಅಳು ಬರತ್ತೆ. ಮನೇಲಿ ಅತ್ತೆ "ನೋಡು, ಮತ್ತೆ ಶುರುವಾಯ್ತು" ಅಂತಿದಾರೆ. ಇದು ಖಾಯಿಲೆ ವಾಪಸ್ ಬಂದಿದ್ದಾ, ಮಾತ್ರೆ ಕಮ್ಮಿ ಮಾಡಿದ್ದಕ್ಕಾ? ಮುಂದಿನ ಸಲ ತೋರ್ಸೋಕೆ ಇನ್ನೂ ತುಂಬ ದಿನ ಇದೆ. ಬಿಟ್ಟೋರು ಯಾರಾದ್ರೂ ಇದ್ರೆ ಹೆಂಗೆ ಮಾಡಿದ್ರಿ ಹೇಳಿ.

ಹಾಸನದಿಂದ:

ತಂಗಿ, ಗಾಬರಿ ಆಗ್ಬೇಡಿ. ನೀವು ಬರ್ದಿರೋದು ಓದಿದ್ರೆ ಖಾಯಿಲೆಗಿಂತ ಡೋಸ್ ಇಳಿಸಿದ್ದರ ಲಕ್ಷಣಾನೇ ಜಾಸ್ತಿ ಕಾಣ್ತಿದೆ ನಂಗೆ. ನಾನು ಡಾಕ್ಟ್ರಲ್ಲ, ಸರ್ಟ್ರಲೀನ್ ಅನ್ನೋ ಇಂಥದೇ ಮಾತ್ರೆ ತಗೊಂಡು ಬಿಟ್ಟೋಳು ಅಷ್ಟೇ. ನಂಗೆ ನಮ್ಮ ಡಾಕ್ಟ್ರು ಹೇಳ್ಕೊಟ್ಟ ಗುರುತು ಏನಂದ್ರೆ, ಡೋಸ್ ಇಳಿಸಿದ ಕೆಲವೇ ದಿನಕ್ಕೆ ಶುರುವಾಗಿ, ತಲೆ ಜುಮ್ ಅನ್ನೋದು, ತಲೆ ಸುತ್ತು, ವಾಕರಿಕೆ, ಮೈ ಕೈ ನೋವು, ಕೆಟ್ಟ ಕನಸು ಹಿಂಗೆ ಖಾಯಿಲೆ ಟೈಮಲ್ಲಿ ಇಲ್ದೇ ಇದ್ದ ದೇಹದ ತೊಂದರೆಗಳು ಬಂದು, ಒಂದಿನ ಜಾಸ್ತಿ ಒಂದಿನ ಕಮ್ಮಿ ಆಗ್ತಾ ಹೋದ್ರೆ ಅದು ಮಾತ್ರೆ ಇಳಿಸಿದ್ದರದ್ದು. ಹಳೇ ಡೋಸಿಗೆ ವಾಪಸ್ ಹೋದ್ರೆ ಕೆಲವು ದಿನದಲ್ಲೇ ತಣ್ಣಗಾಗತ್ತೆ. ಖಾಯಿಲೆ ತಿರುಗಿ ಬರೋದು ಸಾಮಾನ್ಯವಾಗಿ ಹಂಗಲ್ಲ, ವಾರಗಳು ತಿಂಗಳುಗಳು ಕಳೆದ ಮೇಲೆ ಮೆಲ್ಲಗೆ ಬರತ್ತೆ, ಏನೂ ಬೇಡ ಅನ್ಸೋದು, ಯಾರ ಮುಖಾನೂ ನೋಡೋದು ಬೇಡ ಅನ್ಸೋದು, ಮೊದಲ ಸಲ ಹೆಂಗೆ ಬಂದಿತ್ತೋ ಹಂಗೇ. ನಿಮ್ಮ ತಲೆ ಜುಮ್ ಅನ್ನೋದು ಮೊದಲು ಡಿಪ್ರೆಶನ್ ಇದ್ದಾಗ ಇತ್ತಾ? ಇರ್ಲಿಲ್ಲ ಅಲ್ವಾ. ಅತ್ತೆಗೂ ಇದನ್ನೇ ಹೇಳಿ, ಅವ್ರು ನೋಡಿ ಹೆದರ್ಕೊಂಡಿರ್ತಾರೆ, ಬೈಯೋಕೆ ಅಂತ ಅಂದಿರಲ್ಲ.

ಆದ್ರೆ ಅಪಾಯಿಂಟ್‌ಮೆಂಟ್ ತನಕ ಕಾಯ್ಬೇಡಿ, ಇವತ್ತೇ ಫೋನ್ ಮಾಡಿ ಹೇಳಿ. ಅವ್ರು ಸಿಗ್ಲಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಮಾಡಿ, ಸರ್ಕಾರದ್ದು, ಫ್ರೀ, 24 ಗಂಟೇನೂ ಇರತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ನಿಮ್ಮಲ್ಲಿ ಯಾವ ವಾರ ಬರ್ತಾರೆ ಅಂತ ಕೌಂಟರಲ್ಲಿ ಕೇಳಿ, ಚಿಕ್ಕಮಗಳೂರಿಗೆ ಓಡಾಡೋದು ತಪ್ಪತ್ತೆ.

ಈಗ ನನ್ನ ಕಥೆ. ಅಪ್ಪ ಹೋದ ಮೇಲೆ ನಂಗೆ ಶುರುವಾಗಿದ್ದು, ಸರ್ಟ್ರಲೀನ್ 100ರ ತನಕ ಹೋಗಿತ್ತು. ಬಿಡೋ ಟೈಮಲ್ಲಿ 100ರಿಂದ 50ಕ್ಕೆ ಬಂದಾಗ ಏನಂದ್ರೆ ಏನೂ ಆಗ್ಲಿಲ್ಲ, 50ರಿಂದ 25ಕ್ಕೆ ಬಂದಾಗ ಸ್ವಲ್ಪ ನಿದ್ದೆ ಕೆಡ್ತು ಅಷ್ಟೇ. ಆಗ ನೋಡ್ತಿದ್ದ ಡಾಕ್ಟ್ರು "25 ಅಂದ್ರೆ ಏನೂ ಇಲ್ಲ, ನಿಲ್ಸಿಬಿಡಿ" ಅಂದ್ರು. ನಿಲ್ಸಿದ ಮೇಲೆ ನೋಡಿ ನಿಜವಾದ ಕಷ್ಟ ಬಂದಿದ್ದು, ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋಬೇಕು, ಮಕ್ಕಳು ಜೋರಾಗಿ ಮಾತಾಡಿದ್ರೆ ಕಣ್ಣಲ್ಲಿ ನೀರು, ಬೆವರು. ಆಮೇಲೆ ಬೇರೆ ಡಾಕ್ಟ್ರ ಹತ್ರ ಹೋದೆ, ಅವ್ರು ವಾಪಸ್ 25 ಕೊಟ್ಟು, ಸರಿಯಾದ ಮೇಲೆ ಅಲ್ಲಿಂದ ಅರ್ಧ, ಅದಾದ್ಮೇಲೆ ಕಾಲು, ಒಂದೊಂದರಲ್ಲೂ ಮೈ ಒಗ್ಗೋ ತನಕ ನಿಲ್ಸಿ ಇಳಿಸಿದ್ರು. ಮೊದಲ ಮುಕ್ಕಾಲು ಭಾಗ ಇಳಿಸೋಕೆ ಆದ ಟೈಮಿಗಿಂತ ಕೊನೇ ಕಾಲು ಭಾಗಕ್ಕೆ ತುಂಬಾ ಜಾಸ್ತಿ ಹಿಡೀತು.

ಯಾಕೆ ಹಿಂಗೆ ಅಂತ ಕೇಳ್ದೆ, ಅವ್ರು ಚೀಟಿ ಹಿಂದೆ ಬರ್ದು ತೋರ್ಸಿದ್ರು, ಅದು ಎಲ್ರಿಗೂ ಗೊತ್ತಾಗ್ಬೇಕು ಅಂತ ಇಲ್ಲಿ ಹಾಕ್ತೀನಿ. ಹೊರೋವಿಟ್ಜ್ ಮತ್ತೆ ಟೇಲರ್ ಅನ್ನೋ ಇಬ್ರು ಸಂಶೋಧಕರು 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದಿದ್ದು. ಈ ಮಾತ್ರೆಗಳು ಮೆದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕಾನ ವಾಪಸ್ ಎಳ್ಕೊಳ್ಳೋ ಜಾಗಗಳನ್ನ ಮುಚ್ಚತ್ತೆ. ಸಿಟಲೋಪ್ರಾಮ್ (ನಿಮ್ಮ ಮಾತ್ರೆ ಅದರಿಂದಲೇ ಬಂದಿದ್ದು) 20 ಮಿಲಿಗ್ರಾಂ ತಗೊಂಡ್ರೆ ಸುಮಾರು 80 ಪರ್ಸೆಂಟ್ ಮುಚ್ಚತ್ತಂತೆ, 9ಕ್ಕೆ ಬಂದ್ರೂ 70 ಇರತ್ತೆ, 5.4ಕ್ಕೆ 60, ಬರೀ 1.5ಕ್ಕೂ 30 ಪರ್ಸೆಂಟ್. ಅಂದ್ರೆ ಮೇಲಿಂದ 11 ಮಿಲಿಗ್ರಾಂ ತೆಗೆದ್ರೂ ಮೆದುಳಿಗೆ 10 ಪರ್ಸೆಂಟ್ ಕಮ್ಮಿ, ಕೊನೇ ಒಂದೂವರೆ ಮಿಲಿಗ್ರಾಂ ತೆಗೆದ್ರೆ ಒಂದೇ ಏಟಿಗೆ 30. ಅದಕ್ಕೇ ಕೆಳಗೆ ಬಂದಷ್ಟೂ ಚಿಕ್ಕ ಚಿಕ್ಕದಾಗಿ ಇಳಿಸ್ಬೇಕು ಅನ್ನೋದು. ಇಂಗ್ಲೆಂಡಲ್ಲಿ ಚಿಕಿತ್ಸೆ ಹೆಂಗಿರ್ಬೇಕು ಅಂತ ಹೇಳೋ ನೈಸ್ ಅನ್ನೋ ಸಂಸ್ಥೆಯ ಗೈಡ್‌ಲೈನಲ್ಲೂ 2022ರಿಂದ ಹಿಂಗೇ ಹೇಳಿದಾರೆ. ಇದನ್ನ ಕೇಳಿದ ಮೇಲೆ ನನ್ನ ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಅಷ್ಟು ದಿನ ನಾನೇ ವೀಕು ಅಂತ ಎಲ್ರೂ ಅಂದಿದ್ರು.

ಎಲ್ರಿಗೂ ಹಿಂಗೇ ಆಗತ್ತೆ ಅಂತಾನೂ ಅಲ್ಲ. 2024ರಲ್ಲಿ ಅದೇ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೇಲಿ ತುಂಬಾ ಅಧ್ಯಯನ ಒಟ್ಟು ಹಾಕಿ ನೋಡಿದ್ರಲ್ಲಿ ಇಂಥ ಮಾತ್ರೆ ನಿಲ್ಸಿದ 100 ಜನರಲ್ಲಿ ಸುಮಾರು 31 ಜನಕ್ಕೆ ಏನೋ ಒಂದು ಲಕ್ಷಣ ಬಂದಿತ್ತು, ಔಷಧಿ ಇಲ್ದಿರೋ ಖಾಲಿ ಮಾತ್ರೆ ನಿಲ್ಸಿದೋರಲ್ಲೂ 17 ಜನಕ್ಕೆ ಬಂದಿತ್ತು, ತುಂಬಾ ಜೋರಾಗಿ ಬಂದಿದ್ದು 100ಕ್ಕೆ ಸುಮಾರು 3 ಜನಕ್ಕೆ. ಹೆದರ್ಕೊಂಡು ಕೂತ್ಕೊಳ್ಳೋ ಅಷ್ಟೇನಿಲ್ಲ, ಆದ್ರೆ ಬಂದೋರನ್ನ ಸುಳ್ಳು ಹೇಳ್ತಿದಾರೆ ಅನ್ನೋ ಹಂಗೂ ಇಲ್ಲ.

ದಿನ ಬಿಟ್ಟು ದಿನ ತಗೊಳ್ಳಿ ಅಂತ ಮೆಡಿಕಲ್ ಶಾಪಲ್ಲೋ ನೆಂಟರೋ ಹೇಳ್ತಾರೆ. ಎಸಿಟಲೋಪ್ರಾಮ್, ಸರ್ಟ್ರಲೀನ್ ಅಂಥವು ಸುಮಾರು ಒಂದು ದಿನದಲ್ಲಿ ರಕ್ತದಲ್ಲಿ ಅರ್ಧಕ್ಕೆ ಬಂದುಬಿಡತ್ತೆ, ಹಂಗೆ ತಗೊಂಡ್ರೆ ಒಂದಿನ ಮೇಲೆ ಒಂದಿನ ಕೆಳಗೆ ಆಗಿ ತಲೆ ಇನ್ನೂ ಕೆಡತ್ತೆ. ದಿನಾ ಒಂದೇ ಹೊತ್ತಿಗೆ, ಕಮ್ಮಿ ಕಮ್ಮಿ, ಅದೇ ಸರಿ.

ಇನ್ನೊಂದು ವಿಷ್ಯ ನಮ್ಮ ಕಡೆಯೋರಿಗೆ ಮಾತ್ರ ಅರ್ಥ ಆಗೋದು. ಡಿಸೆಂಬರಲ್ಲಿ ಕಾಫಿ ಕುಯ್ಲು ಜೋರಾಗಿರೋವಾಗ, ಕಣದಲ್ಲಿ ಆಳು ಲೆಕ್ಕ, ಮನೇಲಿ ಅಡಿಗೆ, ನಿದ್ದೆ ಇಲ್ಲ, ಆಗ ಡೋಸ್ ಇಳಿಸ್ಬೇಡಿ. ಆಷಾಢದ ಮಳೇಲೂ ಬೇಡ, ವಾರಗಟ್ಲೆ ಬಿಸಿಲಿಲ್ದೆ ಕರೆಂಟಿಲ್ದೆ ಒಳಗೇ ಕೂತ್ರೆ ಚೆನ್ನಾಗಿರೋರಿಗೇ ಮನಸ್ಸು ಕೂತೋಗತ್ತೆ, ಅದು ಮಳೇದಾ ಮಾತ್ರೇದಾ ಅಂತ ಗೊತ್ತಾಗಲ್ಲ. ನಾನು ಕುಯ್ಲು ಮುಗಿದು ಹೂ ಮಳೆ ಬಿದ್ದ ಮೇಲೆ ಒಂದು ಇಳಿಸಿದ್ದು, ದೀಪಾವಳಿ, ಹಾಸನಾಂಬ ಜಾತ್ರೆ ನೆಂಟರ ಗಲಾಟೆ ಕಳೆಯೋ ತನಕ ಅದ್ರಲ್ಲೇ ಇದ್ದಿದ್ದು. ಕಾಫಿ ಬೆಳಗ್ಗೆ ಒಂದು ಲೋಟಕ್ಕೆ ನಿಲ್ಸಿ, ಮಧ್ಯಾಹ್ನದ ಮೇಲೆ ಬೇಡ, ಎದೆ ಢವಢವ ಅನ್ನೋದು ನಿಜವಾಗ್ಲೂ ಕಮ್ಮಿ ಆಗತ್ತೆ. ತಲೆ ಜುಮ್ ಅನ್ನೋ ದಿನ ಸ್ಕೂಟಿ ಓಡಿಸ್ಬೇಡಿ, ಅದ್ರಲ್ಲೂ ಚಾರ್ಮಾಡಿ ಕಡೆ ತಿರುವಲ್ಲಿ. ಕ್ಯಾಲೆಂಡರಲ್ಲಿ ದಿನಾ ಎರಡೇ ಮಾತು ಬರ್ದಿಡಿ, ನಿದ್ದೆ ಹೆಂಗಿತ್ತು, ತಲೆ ಹೆಂಗಿತ್ತು. ಡಾಕ್ಟ್ರಿಗೆ ಅದನ್ನ ತೋರ್ಸಿದ್ರೆ ಅರ್ಧ ಕೆಲಸ ಆಯ್ತು.

ಒಂದು ಮಾತ್ರ ಕೈ ಮುಗಿದು ಕೇಳ್ಕೊಳ್ತೀನಿ. ಬದುಕೋದು ಬೇಡ ಅನ್ನೋ ಯೋಚನೆ ಒಂದ್ಸಲ ಬಂದ್ರೂ ಮನೇಲಿ ಯಾರಿಗಾದ್ರೂ ಆ ಕ್ಷಣವೇ ಹೇಳಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅದನ್ನ ತಡ್ಕೊಂಡು ನೋಡೋಣ ಅನ್ಬೇಡಿ.

ಕಡೂರಿಂದ:

ಅಕ್ಕ ಎಲ್ಲ ಹೇಳಿದಾರೆ, ನಾನು ಎರಡು ಸೇರಿಸ್ತೀನಿ. ನಿಮ್ಮ ಸ್ಟ್ರಿಪ್ ಹಿಂದೆ ತಿರುಗಿಸಿ ಓದಿ, ಎಸಿಟಲೋಪ್ರಾಮ್ ಜೊತೆ ಕ್ಲೋನಾಜೆಪಾಮ್ ಅಂತ ಇದ್ಯಾ ನೋಡಿ. ನಮ್ಮಲ್ಲಿ ಎರಡೂ ಸೇರಿರೋ ಮಾತ್ರೆ ತುಂಬಾ ಜನಕ್ಕೆ ಬರೀತಾರೆ, ನನ್ನ ತಮ್ಮಂಗೂ ಅದೇ ಇತ್ತು, ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಕ್ಲೋನಾಜೆಪಾಮ್ ಆತಂಕ ಕಮ್ಮಿ ಮಾಡೋಕೆ, ನಿದ್ದೆಗೆ ಅಂತ ಕೊಡೋ ಬೇರೆ ಜಾತಿ, ತುಂಬಾ ದಿನ ತಗೊಂಡಿದ್ದನ್ನ ದಿಢೀರ್ ಅಂತ ನಿಲ್ಸಿದ್ರೆ ಫಿಟ್ಸ್ ಕೂಡ ಬರ್ಬಹುದು. ಇದ್ರೆ ಡಾಕ್ಟ್ರಿಗೆ ಹೇಳಿ ಎರಡನ್ನೂ ಬೇರೆ ಬೇರೆ ಮಾತ್ರೆ ಮಾಡಿಸ್ಕೊಂಡು, ಒಂದಾದ್ಮೇಲೆ ಒಂದು ಇಳಿಸೋದು ಒಳ್ಳೇದು.

ನಂದು ವೆನ್ಲಾಫ್ಯಾಕ್ಸಿನ್ ಎಕ್ಸ್ಆರ್, ಅದೂ ಡಿಪ್ರೆಶನ್ ಔಷಧೀನೇ. ಅದು ಮೈಯಿಂದ ಬೇಗ ಹೋಗೋ ಔಷಧಿ, ಬೆಳಗ್ಗೆ ಮರೆತ್ರೆ ಸಂಜೆಗೇ ಗೊತ್ತಾಗತ್ತೆ. ಎಕ್ಸ್ಆರ್, ಸಿಆರ್ ಅಂತ ಇರೋದನ್ನ ಕತ್ತರಿಸೋದು ಪುಡಿ ಮಾಡೋದು ಮಾಡ್ಬಾರ್ದು, ನಿಧಾನಕ್ಕೆ ಬಿಡ್ಬೇಕಾಗಿರೋ ಔಷಧಿ ಒಟ್ಟಿಗೆ ಬಿಟ್ಕೊಳ್ಳತ್ತೆ.

ಮತ್ತೆ ನಾನು ಪೂರ್ತಿ ಬಿಟ್ಟಿಲ್ಲ. ಕಮ್ಮಿ ಡೋಸಿಗೆ ಬಂದು ನಿಂತಿದೀನಿ, ಮೂರು ಸಲ ಖಾಯಿಲೆ ಬಂದೋನು ನಾನು, ಡಾಕ್ಟ್ರು ನಾನು ಕೂತು ಮಾತಾಡಿ ಹಿಂಗೇ ಇರೋಣ ಅಂತ ತೀರ್ಮಾನ ಮಾಡಿದ್ದು. 2021ರಲ್ಲಿ ಇಂಗ್ಲೆಂಡಿನ ಆಂಟ್ಲರ್ ಅನ್ನೋ ಅಧ್ಯಯನ ಬಂತು, ವರ್ಷಗಟ್ಲೆ ತಗೊಂಡು ಚೆನ್ನಾಗಿದ್ದೋರಲ್ಲಿ, ಬಿಟ್ಟೋರಿಗೆ ಒಂದು ವರ್ಷದೊಳಗೆ 56 ಪರ್ಸೆಂಟ್ ಖಾಯಿಲೆ ಮರುಕಳಿಸ್ತು, ಮುಂದುವರಿಸಿದೋರಿಗೆ 39. ನಿಮಗೆ ಮೊದಲನೇ ಸಲ ಬಂದಿದ್ದಾ, ಎಷ್ಟು ಜೋರಾಗಿತ್ತು, ಅದ್ರ ಮೇಲೆ ಹೋಗತ್ತೆ ಇದು. ಬಿಟ್ರೆ ಗೆದ್ದೆ, ತಗೊಂಡ್ರೆ ಸೋತೆ ಅಂತ ಲೆಕ್ಕ ಹಾಕ್ಬೇಡಿ ತಾಯಿ, ಬಿಪಿ ಮಾತ್ರೆಗೆ ಯಾರೂ ಹಂಗೆ ಅನ್ನಲ್ಲ.

ಮೂಡಿಗೆರೆ ಕಡೆಯಿಂದ:

ಅಕ್ಕ, ಅಣ್ಣ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಸ್ಟ್ರಿಪ್ ನೋಡ್ದೆ, ಎಸಿಟಲೋಪ್ರಾಮ್ ಒಂದೇ ಇರೋದು. ಡಾಕ್ಟ್ರಿಗೆ ಫೋನ್ ಮಾಡ್ದೆ, ಒಂದೇ ಸಲ ಅರ್ಧ ಮಾಡಿದ್ದು ನಿಮಗೆ ಜಾಸ್ತಿ ಆಗಿದೆ, 7.5ಕ್ಕೆ ಹೋಗಿ ಒಂದು ತಿಂಗಳು ಇರಿ ಅಂದ್ರು. ಅತ್ತೆಗೆ ನೀವು ಬರೆದಿದ್ದನ್ನ ಓದಿ ಹೇಳ್ದೆ, ಸುಮ್ನೆ ಕೂತು ಪೂರ್ತಿ ಕೇಳಿದ್ರು. 7.5 ಮಾತ್ರೆ ಇಲ್ಲಿ ಅಂಗಡೀಲಿ ಇಲ್ಲ ಅಂತಾರೆ, ಏನ್ಮಾಡ್ಲಿ?

ಹಾಸನದಿಂದ:

ಒಳ್ಳೇ ಕೆಲಸ ಮಾಡಿದ್ರಿ. 5ರ ಮಾತ್ರೆ ಒಂದೂವರೆ ತಗೊಂಡ್ರೆ 7.5 ಆಯ್ತು. 10ರದ್ದನ್ನ ಮುಕ್ಕಾಲು ಮಾಡೋಕೆ ಹೋಗ್ಬೇಡಿ, ತುಂಡು ಸರಿಯಾಗಿ ಬರಲ್ಲ. ಚೀಟೀಲಿ 5 ಮಿಲಿಗ್ರಾಂ ಅಂತಾನೇ ಬರೆಸ್ಕೊಂಡು, ಮೆಡಿಕಲ್ ಶಾಪಲ್ಲಿ ಮಾತ್ರೆ ಕತ್ತರಿಸೋ ಚಿಕ್ಕ ಡಬ್ಬಿ ಸಿಗತ್ತೆ, ಒಂದು ತಗೊಳ್ಳಿ, ಚಾಕು ಬೇಡ. ಉಳಿದ ಅರ್ಧ ಮಾರನೇ ದಿನಕ್ಕೆ ಇಟ್ಕೊಳ್ಳಿ, ಒಣಗಿರೋ ಡಬ್ಬೀಲಿ, ನಮ್ಮ ಕಡೆ ತೇವಕ್ಕೆ ಪುಡಿ ಆಗ್ಬಿಡತ್ತೆ. ಮುಂದಿನ ಸಲ ಇಳಿಸೋ ಮುಂಚೆ ಇಲ್ಲಿ ಬರೀರಿ.